ಕುತ್ತಿಗೆ ನೋವಿನ ಜೊತೆ ನಾಲಿಗೆ ಓರೆಯಾದರೆ ಏನು ನೋಡಬೇಕು, ಏನು ಮಾಡಬೇಕು

ಒಂದೇ ಬದಿಯ ಕುತ್ತಿಗೆಯಲ್ಲೋ ತಲೆಯಲ್ಲೋ ಹಿಂದೆಂದೂ ಇರದಂಥ ನೋವು ಕಾಣಿಸಿಕೊಂಡು, ಅದರ ಬೆನ್ನಲ್ಲೇ ಮಾತು ತೊದಲಿದರೆ ಅಥವಾ ನುಂಗಲು ಕಷ್ಟವಾದರೆ, ಅದನ್ನು ಉಳುಕೆಂದು ಕೈಬಿಡಬಾರದು. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯ ಗೋಡೆ ಸೀಳಿ, ಅದರ ಪದರಗಳ ನಡುವೆ ರಕ್ತ ತುಂಬಿರಬಹುದು. ತಲೆಬುರುಡೆಯ ಬುಡದಲ್ಲಿ 9ರಿಂದ 12ನೆಯವರೆಗಿನ ಕಪಾಲ ನರಗಳು (ಮಿದುಳಿನಿಂದ ತಲೆ, ಕುತ್ತಿಗೆಯ ಕಡೆಗೆ ಹೊರಡುವ ನರಗಳು) ಈ ಅಪಧಮನಿಯ ಮಗ್ಗುಲಲ್ಲೇ ಸಾಗುವುದರಿಂದ, ಊದಿದ ಗೋಡೆ ಅವನ್ನು ಅದುಮಬಲ್ಲದು. ಇವುಗಳಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ನಾಲಿಗೆಯನ್ನು ಆಡಿಸುವ 12ನೆಯ ನರ.

ಮೊದಲು ನಾಲಿಗೆಯನ್ನು ನೇರವಾಗಿ ಚಾಚಲು ಹೇಳಿ. ನರ ಸೋತಿದ್ದರೆ ತುದಿಯು ಸೋತ ಬದಿಗೆ, ಅಂದರೆ ಸಾಮಾನ್ಯವಾಗಿ ನೋವಿರುವ ಬದಿಗೇ ವಾಲುತ್ತದೆ. ಬಾಯಿಯ ಒಂದು ಮೂಲೆ ಜೋತಿದ್ದರೆ ನೆಟ್ಟಗಿರುವ ನಾಲಿಗೆಯೂ ಓರೆಯಾಗಿ ಕಾಣುವುದರಿಂದ, ಆ ಮೂಲೆಯನ್ನು ಬೆರಳಿನಿಂದ ಎತ್ತಿ ಹಿಡಿದು ಮತ್ತೊಮ್ಮೆ ನೋಡಬೇಕು. ಬಳಿಕ ಧ್ವನಿ ಒಡೆದಿದೆಯೇ, ಭುಜ ಎತ್ತಲು ಕಷ್ಟವಾಗುತ್ತಿದೆಯೇ ಎಂದು ಗಮನಿಸಿ.

ಕಣ್ಣನ್ನು ಮರೆಯಬೇಡಿ. ಅಪಧಮನಿಯ ಗೋಡೆಗೆ ಅಂಟಿಕೊಂಡೇ ಸಾಗುವ, ನಮ್ಮ ಇಚ್ಛೆಗೆ ಕಾಯದೆ ತಾವಾಗಿ ಕೆಲಸ ಮಾಡುವ ಸಿಂಪಥೆಟಿಕ್ ನರತಂತುಗಳು ಕಪಾಲ ನರಗಳಲ್ಲ. ಆದರೂ ಅವು ನಲುಗಿದಾಗ ಅದೇ ಬದಿಯ ರೆಪ್ಪೆ ತುಸು ಇಳಿಯುತ್ತದೆ, ಪಾಪೆ ಕಿರಿದಾಗುತ್ತದೆ. ಮಂದ ಬೆಳಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ನರರೋಗ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು. ಕೈಕಾಲು ಸೋತರೆ ಅಥವಾ ದೃಷ್ಟಿ ಮಸುಕಾದರೆ, ಕರ್ನಾಟಕದಲ್ಲಿರುವವರು ಕೂಡಲೇ 108ಕ್ಕೆ ಕರೆ ಮಾಡಬೇಕು. ಕುತ್ತಿಗೆಯನ್ನು ತಿರುಚಿಸಿಕೊಳ್ಳುವುದು, ತಿಕ್ಕಿಸಿಕೊಳ್ಳುವುದು ಬೇಡ. ಕ್ಷೌರದಂಗಡಿಯಲ್ಲಿ ಲಟಕ್ಕನೆ ಕುತ್ತಿಗೆ ತಿರುಗಿಸಿಕೊಂಡಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ, ಏಕೆಂದರೆ ಸೀಳಿಗೆ ಅಂಥ ಸಣ್ಣ ಪೆಟ್ಟೂ ಸಾಕು. ನುಂಗಲಾಗದವರಿಗೆ ನೀರನ್ನೂ ಕೊಡಬೇಡಿ. ಮಿದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾಗುವ ಮುನ್ನ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದೂ ತಪ್ಪು.

ಮಿದುಳಿನ ಸಾಮಾನ್ಯ ಸಿಟಿ ಸ್ಕ್ಯಾನ್ ಸರಿಯಾಗಿದೆ ಎಂದಾಕ್ಷಣ ಸಂಶಯ ತೀರುವುದಿಲ್ಲ. ಸೀಳು ತಲೆಬುರುಡೆಯ ಹತ್ತಿರವಿದ್ದರೆ ಕುತ್ತಿಗೆಯ ಡಾಪ್ಲರ್ (ಅಲ್ಟ್ರಾಸೌಂಡ್‌ನಿಂದ ರಕ್ತದ ಹರಿವು ನೋಡುವ) ಪರೀಕ್ಷೆಗೂ ಅದು ತಪ್ಪಿಹೋಗಬಹುದು. ಆದ್ದರಿಂದ ಕುತ್ತಿಗೆಯ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಂ ಬೇಕೇ, ಕೊಬ್ಬಿನ ಹೊಳಪನ್ನು ತಗ್ಗಿಸಿ ತೆಗೆಯುವ ಎಂಆರ್‌ಐ ಬೇಕೇ ಎಂದು ಕೇಳುವುದು ಸೂಕ್ತ. ಗೋಡೆಯೊಳಗಿನ ರಕ್ತ ಆ ಎಂಆರ್‌ಐಯಲ್ಲಿ ಬಿದಿಗೆ ಚಂದ್ರನಂತೆ ಕಾಣುತ್ತದೆ. ಚಿಕಿತ್ಸೆಯೆಂದರೆ ಬಹುಮಟ್ಟಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ, ಸಾಮಾನ್ಯವಾಗಿ 3ರಿಂದ 6 ತಿಂಗಳು. ನಾಲಿಗೆ ನೆಟ್ಟಗಾಯಿತೆಂದು ಅದನ್ನು ನಡುವೆ ನಿಲ್ಲಿಸದೆ, ಮತ್ತೆ ಸ್ಕ್ಯಾನ್ ಮಾಡಿಸಿ ವೈದ್ಯರೇ ತೀರ್ಮಾನಿಸಲು ಬಿಡಬೇಕು.