ಸರ್ವರ್ ಡಿಸ್ಕ್ ತುಂಬಿತೇ? ಫೈಲ್ ಅಳಿಸುವ ಮುನ್ನ ಇಷ್ಟು ನೋಡಿ

ಲಿನಕ್ಸ್ ಸರ್ವರ್‌ನಲ್ಲಿ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ಬಂದ ಕೂಡಲೇ ಕೈಗೆ ಸಿಕ್ಕ ಫೈಲ್ ಅಳಿಸಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರಂತೂ 'ಪಿಜಿ_ವಾಲ್' ಫೋಲ್ಡರನ್ನು ಮುಟ್ಟಲೇಬೇಡಿ. ಲಾಗ್‌ನಂತೆ ಕಂಡರೂ ಅದರಲ್ಲಿರುವುದು ಡೇಟಾಬೇಸ್ ಮತ್ತೆ ಎದ್ದು ನಿಲ್ಲಲು ಬೇಕಾದ ದಾಖಲೆ.

ಮೊದಲು 'ಡಿಎಫ್ -ಎಚ್' ಕೊಟ್ಟು ಯಾವ ಪಾರ್ಟಿಷನ್ ತುಂಬಿದೆ ನೋಡಿ. ಜಾಗ ಇದ್ದೂ ಅದೇ ದೂರು ಬರುತ್ತಿದ್ದರೆ 'ಡಿಎಫ್ -ಐ' ಕೊಟ್ಟು ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ಗುರುತಿನ ದಾಖಲೆ) ಉಳಿದಿದೆಯೇ ನೋಡಿ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ, ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ. ಪಿಎಚ್‌ಪಿ ಸೆಷನ್‌ನಂಥ ಪುಟ್ಟ ಫೈಲ್‌ಗಳು ಲಕ್ಷಗಟ್ಟಲೆ ಸೇರಿದರೆ ಐನೋಡ್‌ಗಳು ಮುಗಿದುಹೋಗುತ್ತವೆ.

ಜಾಗ ತಿಂದವರು ಯಾರೆಂದು ತಿಳಿಯಲು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ 'ಡಿಯು -ಎಕ್ಸ್‌ಎಚ್ -ಡಿ1 / | ಸಾರ್ಟ್ -ಎಚ್'. ದೊಡ್ಡದು ಕೊನೆಯಲ್ಲಿ ಬರುತ್ತದೆ. ಅದರೊಳಗೆ ಹೊಕ್ಕು ಮತ್ತೆ ಹೀಗೇ ನೋಡಿ.

ಕೆಲವೊಮ್ಮೆ ಡಿಎಫ್ 50 ಜಿಬಿ ಬಳಕೆಯಾಗಿದೆ ಎನ್ನುತ್ತದೆ, ಡಿಯು 20 ಎನ್ನುತ್ತದೆ. ಹೊಸಬರು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಫೈಲ್ ಅಳಿಸಿದರೂ ಯಾವುದೋ ಪ್ರೋಸೆಸ್ ಅದನ್ನು ತೆರೆದೇ ಇಟ್ಟುಕೊಂಡಿದ್ದರೆ ಹೆಸರು ಮಾತ್ರ ಹೋಗುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. 'ಎಲ್‌ಎಸ್‌ಒಎಫ್ +ಎಲ್1' (ಎಲ್ ದೊಡ್ಡಕ್ಷರ) ಕೊಟ್ಟರೆ ಅಂಥ ಫೈಲ್‌ಗಳು, ಹಿಡಿದಿರುವ ಪ್ರೋಸೆಸ್ ಎರಡೂ ಕಾಣುತ್ತವೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್. ಓಡುತ್ತಿರುವ ಸರ್ವಿಸ್‌ನ ಲಾಗ್ ದೊಡ್ಡದಾಗಿದ್ದರೆ ಅಳಿಸದೆ 'ಟ್ರಂಕೇಟ್ -ಎಸ್ 0' ಬಳಸಿ. ಎಲ್‌ಎಸ್‌ಒಎಫ್‌ನಲ್ಲೂ ಏನೂ ಸಿಗದಿದ್ದರೆ, ಮೌಂಟ್ ಆಗಿರುವ ಫೋಲ್ಡರ್‌ನ ಅಡಿಯಲ್ಲಿ ಹಳೆಯ ಫೈಲ್‌ಗಳು ಮರೆಯಾಗಿ ಕೂತಿರಬಹುದು.

ಇನ್ನು ಮತ್ತೆ ತುಂಬದಂತೆ ಕಟ್ಟುಪಾಡು. ಸಿಸ್ಟಮ್ ಲಾಗ್ ಸಂಗ್ರಹಿಸುವ ಜರ್ನಲ್‌ಡಿ ತಾನಾಗಿಯೇ ಡಿಸ್ಕ್‌ನ ಶೇ 10ರವರೆಗೆ, ಗರಿಷ್ಠ 4 ಜಿಬಿ ಬಳಸುತ್ತದೆ. ಸಣ್ಣ ಸರ್ವರ್‌ಗೆ ಇದು ಜಾಸ್ತಿ; 'ಸಿಸ್ಟಮ್‌ಮ್ಯಾಕ್ಸ್‌ಯೂಸ್=500ಎಂ' ಇಟ್ಟು ಜರ್ನಲ್‌ಡಿ ರೀಸ್ಟಾರ್ಟ್ ಮಾಡಿ. ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್‌ನ ಜೇಸನ್ ಲಾಗ್‌ಗೆ ಮೊದಲಿಂದ ಮಿತಿಯೇ ಇರುವುದಿಲ್ಲ. 'ಮ್ಯಾಕ್ಸ್-ಸೈಜ್' 10 ಎಂಬಿ, 'ಮ್ಯಾಕ್ಸ್-ಫೈಲ್' 3 ಎಂದು ಕೊಡಿ. ಹೊಸದಾಗಿ ಸೃಷ್ಟಿಸಿದ ಕಂಟೇನರ್‌ಗಳಿಗೆ ಮಾತ್ರ ಇದು ಅನ್ವಯ. ಲಾಗ್ ಫೈಲ್‌ಗಳನ್ನು ಆಗಾಗ ಬದಲಿಸುವ ಲಾಗ್‌ರೊಟೇಟ್ ಹಳೆಯ ಫೈಲ್‌ನ ಹೆಸರು ಬದಲಿಸಿದ ಮೇಲೂ ಆ್ಯಪ್ ಅದಕ್ಕೇ ಬರೆಯುತ್ತಿದ್ದರೆ, 'ಪೋಸ್ಟ್‌ರೊಟೇಟ್'ನಲ್ಲಿ ಸರ್ವಿಸ್‌ಗೆ ರೀಲೋಡ್ ಹೇಳಿಲ್ಲ ಎಂದೇ ಅರ್ಥ.

ನಿಗಾ ಇಡಲು ಪ್ರೊಮಿಥಿಯಸ್ (ಅಂಕಿ ಸಂಗ್ರಹಿಸುವ ಸಾಧನ) ಜತೆ, ಸರ್ವರ್‌ನ ಅಂಕಿ ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಸಾಕು. ನೋಡ್ ಎಕ್ಸ್‌ಪೋರ್ಟರ್‌ನ ಪೋರ್ಟ್ 9100, ಹೊರಜಗತ್ತಿಗೆ ತೆರೆದಿಡಬೇಡಿ. ಲೆಕ್ಕಕ್ಕೆ 'ಫ್ರೀ' ಅಲ್ಲ, 'ಅವೈಲ್' ಅಂಕಿ ಹಿಡಿಯಿರಿ. ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇ 5ರಷ್ಟು ಜಾಗವನ್ನು ರೂಟ್‌ಗೆಂದು ಕಾದಿರಿಸುತ್ತದೆ, 'ಫ್ರೀ' ಅದನ್ನೂ ಸೇರಿಸಿ ತೋರಿಸುತ್ತದೆ. ಶೇ 80ಕ್ಕೆ ಎಚ್ಚರಿಕೆ, ಶೇ 90ಕ್ಕೆ ಫೋನ್ ಎಂಬ ಕ್ರಮ ಒಳ್ಳೆಯದೇ. ಅದಕ್ಕಿಂತ ಉಪಯುಕ್ತವಾದದ್ದು ಪ್ರೊಮಿಥಿಯಸ್‌ನ 'ಪ್ರಿಡಿಕ್ಟ್_ಲೀನಿಯರ್' ಫಂಕ್ಷನ್: ಈಗಿನ ವೇಗದಲ್ಲಿ 24 ಗಂಟೆಯೊಳಗೆ ತುಂಬುತ್ತದೆಯೇ ಎಂದು ಮೊದಲೇ ಹೇಳುತ್ತದೆ. ಎಚ್ಚರಿಕೆ ಬೇರೆ ಯಂತ್ರದಿಂದಲೇ ಹೊರಡಬೇಕು. ತುಂಬಿದ ಸರ್ವರ್‌ಗೆ ಮೇಲ್ ಕ್ಯೂಗೆ ಬರೆಯಲೂ ಜಾಗವಿರುವುದಿಲ್ಲ. ಕೊನೆಗೆ ಟೆಸ್ಟ್ ಸರ್ವರ್‌ನಲ್ಲಿ 'ಎಫ್‌ಆಲೊಕೇಟ್'ನಿಂದ ದೊಡ್ಡ ಫೈಲ್ ಮಾಡಿ, ಎಚ್ಚರಿಕೆ ನಿಜಕ್ಕೂ ಮೊಬೈಲ್‌ಗೆ ತಲುಪುತ್ತದೆಯೇ ನೋಡಿಕೊಂಡು, ಆ ಫೈಲ್ ತೆಗೆದುಬಿಡಿ.