ಸೊನ್ನೆ ನಿಮಿಷದವರು ಯಾರು? ಆರೋಗ್ಯ ಸಮೀಕ್ಷೆಯಿಂದ ಬಿಡುವಿನ ವ್ಯಾಯಾಮ ಅಳೆದ ನನ್ನ ಅನುಭವ

ಅಮೆರಿಕದ ವಯಸ್ಕರು ಬಿಡುವಿನ ಹೊತ್ತಿನಲ್ಲಿ ಎಷ್ಟು ವ್ಯಾಯಾಮ ಮಾಡುತ್ತಾರೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸದ ಒಂದು ಭಾಗ. ಇದಕ್ಕೆ ನಾನು ಬಳಸುವುದು ಅಲ್ಲಿನ ನ್ಯಾಷನಲ್ ಹೆಲ್ತ್ ಇಂಟರ್‌ವ್ಯೂ ಸರ್ವೆ, ಅಂದರೆ ಎನ್‌ಎಚ್‌ಐಎಸ್. 1957ರಿಂದ ನಡೆಯುತ್ತಿರುವ ಸಮೀಕ್ಷೆ ಇದು. ಡೇಟಾ ಫೈಲುಗಳು ಉಚಿತ, ಎಲ್ಲಿಂದ ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮಲ್ಲಿ ಕಮ್ಯುನಿಟಿ ಮೆಡಿಸಿನ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಓದುವವರು ಕೈ ಪಳಗಿಸಿಕೊಳ್ಳಲು ತುಂಬಾ ಒಳ್ಳೆಯದು. ಅದಕ್ಕೇ ನಾನು ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೇಟಾ ತೆರೆಯುವ ಮುಂಚೆ ಪ್ರಶ್ನಾವಳಿ ಓದುತ್ತೇನೆ. 1997ರಿಂದ 2018ರವರೆಗೆ ವಯಸ್ಕರಿಗೆ ಕೇಳಿದ್ದು ಮೂರು ಬಗೆಯ ಚಟುವಟಿಕೆ. ಜೋರಾಗಿ ಬೆವರಿಳಿಸುವ, ಉಸಿರು ಅಥವಾ ಎದೆಬಡಿತ ತುಂಬಾ ಏರಿಸುವ ಚಟುವಟಿಕೆ ಒಂದು. ಸ್ವಲ್ಪ ಬೆವರು ತರಿಸುವ ಹಗುರ ಅಥವಾ ಮಧ್ಯಮ ಚಟುವಟಿಕೆ ಇನ್ನೊಂದು. ಇವೆರಡನ್ನೂ ಕನಿಷ್ಠ 10 ನಿಮಿಷ ಮಾಡಿದ್ದರೆ ಮಾತ್ರ ಎಣಿಕೆ. ಎಷ್ಟು ಸಲ, ಪ್ರತಿ ಸಲ ಎಷ್ಟು ಹೊತ್ತು ಎಂದು ಕೇಳುತ್ತಾರೆ. ಮೂರನೆಯದು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಅಲ್ಲಿ ಎಷ್ಟು ಸಲ ಎಂಬುದಷ್ಟೇ ಲೆಕ್ಕಕ್ಕೆ ಬೇಕು. ಹಗುರ ಮತ್ತು ಮಧ್ಯಮ ಎರಡೂ ಒಂದೇ ಪ್ರಶ್ನೆಯಲ್ಲಿ ಸೇರಿವೆ, ಗಮನಿಸಿ. ನಿಧಾನವಾಗಿ ಅಡ್ಡಾಡುವವರೂ ಚುರುಕಾಗಿ ನಡೆಯುವವರೂ ಒಂದೇ ಕಾಲಂಗೆ ಬೀಳುತ್ತಾರೆ. ಅದನ್ನು ಆಮೇಲೆ ಬೇರೆ ಮಾಡಲು ಆಗುವುದಿಲ್ಲ.

ಲೆಕ್ಕ ಸುಲಭ. ಜೋರಿನ ಚಟುವಟಿಕೆಯ ಒಂದು ನಿಮಿಷಕ್ಕೆ ಎರಡು ನಿಮಿಷದ ಬೆಲೆ. ಒಬ್ಬ ಹೆಂಗಸು ವಾರಕ್ಕೆ 5 ಸಲ 20 ನಿಮಿಷ ನಡೆಯುತ್ತಾರೆ, ಒಂದು ಸಲ 30 ನಿಮಿಷ ಓಡುತ್ತಾರೆ ಅಂದುಕೊಳ್ಳಿ. 100ಕ್ಕೆ 60 ಸೇರಿಸಿದರೆ 160. ಅಮೆರಿಕದ 2008ರ ಮಾರ್ಗಸೂಚಿ ಹೇಳುವುದು ವಾರಕ್ಕೆ 150 ನಿಮಿಷ, ಹಾಗಾಗಿ ಅವರು ಅದರಲ್ಲಿ ಪಾಸು. ಆದರೆ ಸ್ನಾಯು ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು. ಅವರು ಒಂದೇ ದಿನ ಮಾಡಿದರೆ ಆ ಭಾಗದಲ್ಲಿ ಪಾಸಿಲ್ಲ. ಹೀಗೆ ಎಲ್ಲರೂ ನಾಲ್ಕು ಗುಂಪಾಗುತ್ತಾರೆ: ಎರಡು ಗುರಿಗಳನ್ನೂ ಮುಟ್ಟಿದವರು, ಒಂದನ್ನು ಅಥವಾ ಇನ್ನೊಂದನ್ನು ಮಾತ್ರ ಮುಟ್ಟಿದವರು, ಯಾವುದನ್ನೂ ಮುಟ್ಟದವರು.

ನನ್ನ ಹೆಚ್ಚಿನ ಸಮಯ ಹೋಗುವುದು ಈ ಗುಣಾಕಾರಕ್ಕೆ ಅಲ್ಲ, ಸೊನ್ನೆಗಳಿಗೆ. ಆ ವರ್ಷಗಳ ಫೈಲಿನಲ್ಲಿ ವಾರಕ್ಕೆ ಎಷ್ಟು ಸಲ ಎಂಬ ಕಾಲಂನಲ್ಲಿ 1ರಿಂದ 28ರವರೆಗೆ ಇರುವುದು ನಿಜವಾದ ಎಣಿಕೆ. 0 ಎಂದರೆ ವಾರಕ್ಕೆ ಒಂದು ಸಲಕ್ಕಿಂತ ಕಡಿಮೆ. 95 ಎಂದರೆ ಯಾವತ್ತೂ ಇಲ್ಲ. 96 ಎಂದರೆ ಮಾಡಲು ಆಗುವುದೇ ಇಲ್ಲ. 97ರಿಂದ 99ರವರೆಗೆ ಉತ್ತರವೇ ಸಿಕ್ಕಿಲ್ಲ. ಇದನ್ನು ಗಮನಿಸದೆ ಗುಣಿಸಿದರೆ ಯಾವತ್ತೂ ವ್ಯಾಯಾಮ ಮಾಡದವರು ವಾರಕ್ಕೆ 95 ಸಲ ಓಡಿದಂತೆ ಆಗುತ್ತದೆ! 95ನ್ನು ಸೊನ್ನೆ ಮಾಡುವುದು ಸರಿ. 97ರಿಂದ 99ನ್ನು ಸೊನ್ನೆ ಮಾಡುವುದು ತಪ್ಪು, ಅದು ಖಾಲಿಯಾಗಿಯೇ ಇರಬೇಕು. ಆದರೆ 96? ಮಂಡಿ ನೋವಿನಿಂದ, ಪಾರ್ಶ್ವವಾಯುವಿನಿಂದ ಆಗದವರನ್ನು ಲೆಕ್ಕದಿಂದಲೇ ತೆಗೆದರೆ ಉಳಿದವರು ಇರುವುದಕ್ಕಿಂತ ಗಟ್ಟಿಮುಟ್ಟಾಗಿ ಕಾಣುತ್ತಾರೆ, ಅದರಲ್ಲೂ ವಯಸ್ಸಾದವರ ಗುಂಪಿನಲ್ಲಿ. ನಾನು ಅವರನ್ನು ಸೊನ್ನೆ ನಿಮಿಷ ಎಂದು ಇಟ್ಟುಕೊಳ್ಳುತ್ತೇನೆ, ಜೊತೆಗೆ ಅವರೆಷ್ಟು ಮಂದಿ ಎಂದು ಬೇರೆ ಸಾಲಿನಲ್ಲಿ ತೋರಿಸುತ್ತೇನೆ. ಮನಸ್ಸಿಲ್ಲದೆ ಕೂತವರೂ ಆಗದೆ ಕೂತವರೂ ಒಂದೇ ಅಲ್ಲ ಅಲ್ವಾ? ಯೋಜನೆ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಾಗಲೇಬೇಕು.

ಅರ್ಧ ಉತ್ತರ ಕೊಟ್ಟವರನ್ನೂ ಸುಮ್ನೆ ತೆಗೆದುಹಾಕಬೇಡಿ. ವಾರಕ್ಕೆ 3 ಸಲ 30 ನಿಮಿಷ ಓಡುತ್ತೇನೆ ಎಂದವರಿಗೆ ಅದರಿಂದಲೇ 180 ಬಂತು. ನಡಿಗೆಯ ಉತ್ತರ ಇಲ್ಲದಿದ್ದರೂ ಅವರು 150 ದಾಟಿದ್ದಾರೆ.

ಇನ್ನು ವೇಯ್ಟ್, ಅಂದರೆ ಉತ್ತರ ಕೊಟ್ಟ ಒಬ್ಬರು ಎಷ್ಟು ಜನರ ಪರವಾಗಿ ನಿಲ್ಲುತ್ತಾರೆ ಎಂಬ ಅಂಕಿ. ಪ್ರತಿ ಕುಟುಂಬದಿಂದ (2019ರಿಂದ ಪ್ರತಿ ಮನೆಯಿಂದ) ಒಬ್ಬ ವಯಸ್ಕರನ್ನು ಮಾತ್ರ ಆರಿಸುವುದರಿಂದ ದೊಡ್ಡ ಕುಟುಂಬದ ಒಬ್ಬರು ಹೆಚ್ಚು ಜನರ ಪರವಾಗಿ ನಿಲ್ಲುತ್ತಾರೆ. ಅದಕ್ಕೆ ವೇಯ್ಟ್ ಹಾಕಲೇಬೇಕು. ನಾನು ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸರ್ವೆ ಪ್ಯಾಕೇಜ್ ಬಳಸುತ್ತೇನೆ. ವೇಯ್ಟ್ ಜೊತೆ ಸ್ತರ (ಜನರನ್ನು ಆರಿಸುವ ಮುಂಚೆ ದೇಶವನ್ನು ಹಂಚಿದ ಭಾಗ) ಮತ್ತು ಕ್ಲಸ್ಟರ್ (ಒಟ್ಟಿಗೆ ಆರಿಸಿದ ಮನೆಗಳ ಗುಂಪು) ಕಾಲಂಗಳನ್ನೂ ಕೊಡುತ್ತೇನೆ. ಹೆಂಗಸರ ಅಂಕಿ ಮಾತ್ರ ಬೇಕಿದ್ದರೂ ಗಂಡಸರ ಸಾಲುಗಳನ್ನು ಮೊದಲೇ ಅಳಿಸುವುದಿಲ್ಲ. ಈ ಕಾಲಂಗಳಿಂದ ಸಮೀಕ್ಷೆಯ ಡಿಸೈನ್ ಕಟ್ಟಿದ ಮೇಲೆ ಗುಂಪು ಆರಿಸುತ್ತೇನೆ, ಇಲ್ಲದಿದ್ದರೆ ಅಂದಾಜಿನ ತಪ್ಪಿನ ಅಳತೆ ಕೆಡುತ್ತದೆ.

ವರ್ಷಗಳನ್ನು ಜೋಡಿಸಿ ಗೆರೆ ಎಳೆಯುವಾಗ ಜಾಸ್ತಿ ಎಚ್ಚರ ಬೇಕು. 2018ರ ಹೊಸ ಮಾರ್ಗಸೂಚಿ ಒಮ್ಮೆಗೆ ಕನಿಷ್ಠ 10 ನಿಮಿಷ ಎಂಬ ಷರತ್ತನ್ನು ಕೈಬಿಟ್ಟಿತು. 2019ರಲ್ಲಿ ಇಡೀ ಸಮೀಕ್ಷೆಯನ್ನೇ ಹೊಸದಾಗಿ ರೂಪಿಸಿದರು. 2020ರಲ್ಲಿ ಕೋವಿಡ್‌ನಿಂದ ಸಂದರ್ಶನಗಳು ಫೋನಿಗೆ ಬಂದವು. ಹಾಗಾಗಿ ನನ್ನ ಗ್ರಾಫಿನಲ್ಲಿ 2018ರ ಪಕ್ಕದಲ್ಲಿ ಗೆರೆ ನಿಲ್ಲುತ್ತದೆ.

ಈ ಪ್ರಶ್ನೆಗಳು ಕೇಳುವುದು ಬಿಡುವಿನ ಸಮಯ ಮಾತ್ರ ಎಂಬುದನ್ನು ಪ್ರತಿ ಟೇಬಲಿನ ತಲೆಬರಹದಲ್ಲೇ ಬರೆಯುತ್ತೇನೆ. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಹೊರುವವರು ಇಲ್ಲಿ ಸೊನ್ನೆ ನಿಮಿಷದವರಾಗಿ ಕಾಣಬಹುದು. ಭಾರತದ ಕೆಲವು ರಾಜ್ಯಗಳಲ್ಲಿ ನಡೆದ ಐಸಿಎಂಆರ್-ಇಂಡಿಯಾಬ್ ಎಂಬ ಮಧುಮೇಹ ಅಧ್ಯಯನದ 2014ರ ವರದಿಯಲ್ಲಿ ಮನರಂಜನೆಯ ದೈಹಿಕ ಚಟುವಟಿಕೆ ಮಾಡುವವರು ನೂರಕ್ಕೆ 10ಕ್ಕಿಂತ ಕಡಿಮೆ ಇದ್ದರು. ಎಲ್ಲ ಬಗೆಯ ಓಡಾಟ, ಕೆಲಸ ಸೇರಿಸಿದಾಗ ಚಟುವಟಿಕೆ ಇಲ್ಲದವರು ನೂರಕ್ಕೆ 54.4. ಹಾಗಾದರೆ ಬಿಡುವಿನ ಅಂಕಿಯೊಂದನ್ನೇ ಹಿಡಿದು ಹೊಲದಲ್ಲಿ ದುಡಿಯುವವರನ್ನು ಸೋಮಾರಿಗಳು ಅಂದರೆ ಅನ್ಯಾಯ. ಇನ್ನೊಂದು ಕಡೆ, ಬಾಯಲ್ಲಿ ಹೇಳಿದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ದೂರ ಇದೆ. ಅಮೆರಿಕದ ಇನ್ನೊಂದು ಸಮೀಕ್ಷೆ ಎನ್‌ಹೇನ್ಸ್ 2003-04ರಲ್ಲಿ ಜನರ ಸೊಂಟಕ್ಕೆ ಚಲನೆ ಅಳೆಯುವ ಯಂತ್ರ ಕಟ್ಟಿತ್ತು. ಆಗಿನ ಶಿಫಾರಸಾದ ದಿನಕ್ಕೆ 30 ನಿಮಿಷ ಮುಟ್ಟಿದ ವಯಸ್ಕರು ನೂರಕ್ಕೆ 5ಕ್ಕಿಂತ ಕಡಿಮೆ. ಆದರೂ ಕೇಳಿ ತಿಳಿಯುವ ಸಮೀಕ್ಷೆಯನ್ನು ನಾನು ಬಿಡುವುದಿಲ್ಲ. ಒಂದೇ ಪ್ರಶ್ನೆಯನ್ನು ಹಲವು ವರ್ಷ ಕೇಳಿದರೆ ಗುಂಪುಗಳ ನಡುವಿನ ಅಂತರ ಚೆನ್ನಾಗಿ ಕಾಣುತ್ತದೆ.

ಹೊಸಬರು 2020ರ ಫೈಲಿನಿಂದ ಶುರು ಮಾಡಿ. ಅದರ ಪ್ರಕಟಿತ ಅಂಕಿ ಕಣ್ಣ ಮುಂದಿದೆ: ಎರಡೂ ಗುರಿ ಮುಟ್ಟಿದ ವಯಸ್ಕರು ಶೇ. 24.2, ಗಂಡಸರಲ್ಲಿ 28.3, ಹೆಂಗಸರಲ್ಲಿ 20.4. ನಿಮ್ಮ ಲೆಕ್ಕ ತಾಳೆಯಾಗದಿದ್ದರೆ ಮೊದಲು ಆ ವರ್ಷದ ಕೋಡುಗಳನ್ನು ನೋಡಿ, ಆಮೇಲೆ ವೇಯ್ಟ್ ನೋಡಿ.