ಪಿಕ್‌ಪೂಲ್ ದ ಪಿನೆ: ನಿಂಬೆ ಹಿಂಡುವ ಊಟಕ್ಕೊಂದು ವೈನ್

ಪಿಕ್‌ಪೂಲ್ ದ ಪಿನೆ ಎಂಬ ಬಿಳಿ ವೈನಿನ ಬಾಟಲಿಯನ್ನು ಊಟ ಇಲ್ಲದೆ ತೆರೆಯಬೇಡಿ. ಸುಮ್ನೆ ಗ್ಲಾಸು ಮೂಸಿ ನೋಡಿದರೆ ಇದರಲ್ಲಿ ಭಾರಿ ಪರಿಮಳವೇನೂ ಸಿಗುವುದಿಲ್ಲ. ಸ್ವಲ್ಪ ನಿಂಬೆ, ಸ್ವಲ್ಪ ಹಸಿರು ಸೇಬು, ಅಷ್ಟೇ. ಇದರ ಶಕ್ತಿ ಇರುವುದು ಹುಳಿಯಲ್ಲಿ. ಹಾಗಾಗಿ ಯಾವ ತಟ್ಟೆ ನೋಡಿದರೆ ನಿಂಬೆಹಣ್ಣು ಹಿಂಡಬೇಕು ಅನ್ನಿಸುತ್ತದೋ ಅದರ ಪಕ್ಕಕ್ಕೆ ಇದನ್ನು ಇಡಿ.

ಇದು ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್ ಪ್ರದೇಶದ್ದು. ಮೆಡಿಟರೇನಿಯನ್ ಸಮುದ್ರಕ್ಕೆ ಅಂಟಿಕೊಂಡಂತೆ ತೋ ಎಂಬ ಉಪ್ಪುನೀರಿನ ದೊಡ್ಡ ಸರೋವರವಿದೆ, ಅದರ ಆಸುಪಾಸಿನ ಪಿನೆ, ಮೆಝ್, ಪೊಮೆರೋಲ್ ಸೇರಿ ಆರು ಊರುಗಳ ತೋಟಗಳಲ್ಲಿ ಬೆಳೆದ ಬಿಳಿ ಪಿಕ್‌ಪೂಲ್ ದ್ರಾಕ್ಷಿಯಿಂದ ಮಾತ್ರ ಇದನ್ನು ಮಾಡಬೇಕು ಅಂತ ನಿಯಮ. ಅಲ್ಲಿ ಬೇಸಿಗೆಯ ಬಿಸಿಲು ಜೋರು. ಆದರೆ ಈ ದ್ರಾಕ್ಷಿ ತಡವಾಗಿ ಹಣ್ಣಾಗುತ್ತದೆ, ಬಿಸಿಲಿಗೂ ಹುಳಿ ಬಿಟ್ಟುಕೊಡುವುದಿಲ್ಲ, ಸಮುದ್ರದ ಗಾಳಿಯೂ ಸಹಾಯ ಮಾಡುತ್ತದೆ. 2013ರಲ್ಲಿ ಇದಕ್ಕೆ ತನ್ನದೇ ಹೆಸರಿನ ಎಒಸಿ, ಅಂದರೆ ಇಂಥ ಊರಿನದ್ದು, ಇಂಥ ನಿಯಮದಂತೆ ಮಾಡಿದ್ದು ಅನ್ನುವ ಫ್ರಾನ್ಸಿನ ಅಧಿಕೃತ ಮಾನ್ಯತೆ ಸಿಕ್ಕಿತು.

ಅಂಗಡಿಯಲ್ಲಿ ಗುರುತಿಸುವುದು ಸುಲಭ. ಸಾಮಾನ್ಯವಾಗಿ ಉದ್ದನೆಯ, ತೆಳ್ಳನೆಯ ಹಸಿರು ಬಾಟಲಿ, ಗಾಜಿನ ಮೇಲೆ ಅಲೆಯ ಉಬ್ಬು ಗೆರೆ. ಲೇಬಲ್ ಮೇಲಿನ ವರ್ಷ ನೋಡಿ, ಹೊಸದನ್ನೇ ತೆಗೆದುಕೊಳ್ಳಿ. ಕೂಡಿಟ್ಟು ಹಳೆಯದು ಮಾಡುವ ವೈನ್ ಅಲ್ಲ ಇದು.

8ರಿಂದ 10 ಡಿಗ್ರಿಗೆ ತಂಪು ಮಾಡಿ. ಫ್ರಿಜ್‌ನಲ್ಲಿ ಎರಡು ಮೂರು ಗಂಟೆ ಬೇಕು, ಅವಸರವಿದ್ದರೆ ಬಕೆಟ್‌ನಲ್ಲಿ ಅರ್ಧ ಐಸು ಅರ್ಧ ನೀರು ಹಾಕಿ ಬಾಟಲಿ ಮುಳುಗಿಸಿ. ಬರೀ ಐಸಿಗಿಂತ ನೀರು ಸೇರಿದ ಐಸು ಬೇಗ ಕೆಲಸ ಮಾಡುತ್ತದೆ. ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಬೆಚ್ಚಗಾದರೆ ಸಪ್ಪೆ ಅನ್ನಿಸುತ್ತದೆ.

ಇನ್ನು ಮುಖ್ಯ ವಿಷಯ, ಆಯ್ಸ್ಟರ್, ಅಂದರೆ ಹಸಿಯಾಗೇ ತಿನ್ನುವ ಸಮುದ್ರದ ಸಿಂಪಿ. ತೋ ಸರೋವರದಲ್ಲೇ ಬೂಝಿಗ್ ಅಂತ ಹೆಸರಾದ ಆಯ್ಸ್ಟರ್ ಬೆಳೆಯುತ್ತವೆ. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ತೀರಾ ಕಡಿಮೆ, ಅದಕ್ಕೇ ಅಲ್ಲಿಯವರು ಚಿಪ್ಪುಗಳನ್ನು ಸಿಮೆಂಟಿನಿಂದ ಹಗ್ಗಕ್ಕೆ ಅಂಟಿಸಿ, ನೀರಿನಲ್ಲಿ ನೆಟ್ಟ ಚೌಕಟ್ಟುಗಳಿಂದ ಇಳಿಬಿಡುತ್ತಾರೆ. ಒಂದೇ ದಡದಲ್ಲಿ ಆಯ್ಸ್ಟರೂ ಇದೆ, ದ್ರಾಕ್ಷಿತೋಟವೂ ಇದೆ, ಇವೆರಡನ್ನೂ ಯಾರೂ ಕೂತು ಜೋಡಿಸಬೇಕಾಗಿಲ್ಲ ಅಲ್ವಾ? ತಿನ್ನುವಾಗ ಮೊದಲ ಆಯ್ಸ್ಟರ್‌ಗೆ ನಿಂಬೆ ಹಿಂಡಬೇಡಿ, ಸಾಸ್ ಹಾಕಬೇಡಿ. ಹಾಗೇ ಬಾಯಿಗೆ ಹಾಕಿ, ಅಗಿದು ನುಂಗಿ, ಉಪ್ಪು ನಾಲಿಗೆ ಮೇಲಿರುವಾಗಲೇ ಒಂದು ಗುಟುಕು ಕುಡಿಯಿರಿ. ನಿಂಬೆ ಮಾಡಬೇಕಾದ್ದನ್ನು ವೈನೇ ಮಾಡಿರುತ್ತದೆ.

ಆಯ್ಸ್ಟರ್ ಇಷ್ಟವಿಲ್ಲದಿದ್ದರೆ ಕೆಂಡದ ಮೇಲೆ ಸುಟ್ಟ ಸಾರ್ಡೀನ್, ಅಂದರೆ ನಮ್ಮ ಬೂತಾಯಿಯಂಥದ್ದೇ ಮೀನು, ಅದರ ಜಿಡ್ಡಿಗೆ ಈ ಹುಳಿ ಬಹಳ ಚೆನ್ನಾಗಿ ಹೊಂದುತ್ತದೆ. ಪಕ್ಕದ ಸೆತ್ ಬಂದರಿನ ತಿಯೆಲ್ ಸಿಕ್ಕರೆ ಬಿಡಬೇಡಿ, ಆಕ್ಟೋಪಸ್ ಮತ್ತು ಟೊಮೇಟೊ ತುಂಬಿದ ದುಂಡನೆಯ ಪೈ ಅದು. ಸಸ್ಯಾಹಾರಿಗಳಿಗೆ ಮೇಕೆ ಹಾಲಿನ ಚೀಸ್, ಆಲಿವ್, ಎಣ್ಣೆಯಲ್ಲಿ ಹುರಿದ ತರಕಾರಿ.

ಕುರಿ ಮಾಂಸ, ಕೆನೆ ಜಾಸ್ತಿ ಇರುವ ಗ್ರೇವಿ, ಸಿಹಿತಿಂಡಿ ಬೇಡ. ಖಾರದ ಗಸಿಯೂ ಬೇಡ, ಆಲ್ಕೋಹಾಲ್ ಸೇರಿದರೆ ಮೆಣಸಿನ ಉರಿ ಇನ್ನೂ ಏರುತ್ತದೆ. ಕಾಣೆ ರವಾ ಫ್ರೈ ಜೊತೆ ಕುಡಿಯುವ ಆಸೆ ಇದ್ದರೆ ಮಸಾಲೆಯಲ್ಲಿ ಮೆಣಸು ಅರ್ಧಕ್ಕೆ ಇಳಿಸಿ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಇಲ್ಲದಿದ್ದರೆ ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ, ತೊಳೆದ ಮಸ್ಸೆಲ್ (ಇದೂ ಸಮುದ್ರದ ಚಿಪ್ಪುಜೀವಿಯೇ) ಹಾಕಿ, ಒಂದು ಗ್ಲಾಸ್ ವೈನ್ ಸುರಿದು ಮುಚ್ಚಿಡಿ. ಚಿಪ್ಪು ಬಾಯಿಬಿಟ್ಟ ಕೂಡಲೇ ಇಳಿಸಿ, ಬಿಡದವನ್ನು ಎಸೆಯಿರಿ.